ಮಾಸ್ತರರು ಹೇಳಿದ ಕೇಂದ್ರದ ಕಥೆ

ಮೊನ್ನೆ ಮಗಳ ಕಂಪಾಸ್ ಪೆಟ್ಟಿಗೆ ತೆರೆದೆ. ತುಕ್ಕು, ಪೆನ್ಸಿಲ್ ಪುಡಿ, ರಬ್ಬರು ಮೂರೂ ಕೂಡಿದ ವಾಸನೆ ಮೂಗಿಗೆ ಬಡಿಯಿತು. ಅದರ ಹಿಂದೆಯೇ ಬೈಲಹೊಂಗಲದ ನಮ್ಮ ಹೈಸ್ಕೂಲಿನ ಗಣಿತದ ಮಾಸ್ತರರು ಕಣ್ಣ ಮುಂದೆ ಬಂದು ನಿಂತರು. ಅವರ ಜೊತೆ ನನ್ನ ಕ್ಲಾಸಿನ ನೇಸರಗಿಯವಳೂ ಬಂದಳು. ಅವಳನ್ನು ನಾನು ಕರೆದಿರಲಿಲ್ಲ.

ತೊಂಬತ್ತರ ದಶಕದ ಮಾತು. ಮಾಸ್ತರರು ರಾಮದುರ್ಗದ ಕಡೆಯ ತೊರಗಲ್ಲಿನವರು. ಅವರಿಗೆ ಲೆಕ್ಕಕ್ಕಿಂತ ಶಬ್ದಗಳ ಹುಚ್ಚು ಹೆಚ್ಚು. ಕರಿಹಲಗೆಯ ಮೇಲೆ ವರ್ತುಲ ಎಳೆಯಲು ದೊಡ್ಡದೊಂದು ಮರದ ಕೈವಾರವಿತ್ತು. ಅದನ್ನು ಹಿಡಿಯುವ ಮಾನ ಅವರ ಮೆಚ್ಚಿನ ವಿದ್ಯಾರ್ಥಿಗೆ ಮಾತ್ರ. ಒಂಬತ್ತನೆಯ ತರಗತಿಯಲ್ಲಿ ಅದು ನನ್ನದಾಗಿತ್ತು. ಅರಿವೆ ಅಂಗಡಿಯವರ ಐದು ಮಕ್ಕಳಲ್ಲಿ ನಾನು ನಡುವಿನವಳು. ಮನೆಯಲ್ಲಿ ನನ್ನನ್ನು ಹೆಸರು ಹಿಡಿದು ಕರೆದದ್ದೇ ಕಡಿಮೆ. ಕೈವಾರ ಹಿಡಿದಾಗ ಮಾತ್ರ ಇಡೀ ಕ್ಲಾಸು ನನ್ನನ್ನು ನೋಡುತ್ತಿತ್ತು.

ಒಂದು ಶನಿವಾರ ಮಾಸ್ತರರು ‘ಕೇಂದ್ರ’ ಎಂಬ ಶಬ್ದದ ಹುಟ್ಟು ಹೇಳಿದರು. ಅದು ಗ್ರೀಕರ ‘ಕೆಂತ್ರೋನ್’. ಮೊದಲ ಅರ್ಥ, ಎತ್ತು ತಿವಿಯುವ ಮುಳ್ಳುಗೋಲಿನ ಮೊನೆ. ಆಮೇಲೆ ಕೈವಾರದ ಮುಳ್ಳಿಗೆ ಆ ಹೆಸರು ಬಂತು, ಕೊನೆಗೆ ಮುಳ್ಳು ಊರಿದ ಚುಕ್ಕೆಗೆ. ಆರ್ಮೇನಿಯಾದವರು ಅದನ್ನು ಹಾಗೆಯೇ ಎರವಲು ಪಡೆದರು. ಅವರಿಗೆ ಊರಿನ ನಟ್ಟನಡುವೂ ಕೆಂತ್ರೋನೇ. ನಮಗೆ ಸಂಸ್ಕೃತದ ಹಾದಿಯಿಂದ ಬಂತು. ಆರ್ಮೇನಿಯಾ ಎಂಬ ದೇಶವಿದೆ ಎಂದು ನನಗೆ ತಿಳಿದದ್ದೇ ಅಂದು…

“ಯಾರರೆ ಒಂದ ಮುಳ್ಳಗೋಲ ತರ್ರಿ, ನೋಡೂಣು,” ಎಂದರು.

ನಾನೇ ತರಬೇಕೆಂಬ ಹಟ ನನಗೆ. ಭಾನುವಾರ ಗಾಡಿ ಹೊಡೆಯುವವರ ಮನೆಗೆ ಹೋಗಿ ಬೇಡಿ ತಂದೆ. ಸೋಮವಾರ ಎಲ್ಲರಿಗಿಂತ ಮೊದಲು ಹೋಗಿ ಅವರ ಮೇಜಿನ ಮೇಲಿಟ್ಟೆ.

ನೇಸರಗಿಯಿಂದ ಬಸ್ಸಿಗೆ ಬರುತ್ತಿದ್ದ ಒಕ್ಕಲು ಮನೆಯ ಹುಡುಗಿ ಎದ್ದು ನಿಂತಳು. “ಇವತ್ತ ಸೋಮವಾರ ಐತ್ರಿ ಸರ್. ಬಸವಣ್ಣನ ವಾರ. ನಾವು ಎತ್ತ ಹೂಡಂಗಿಲ್ಲ, ಕೋಲೂ ಮುಟ್ಟಂಗಿಲ್ಲ.”

ಕ್ಲಾಸು ಕಿಸಕ್ಕೆಂದಿತು. ಈ ಸೀಮೆಯಲ್ಲಿ ಹುಟ್ಟಿದ ನನಗೂ ಅದು ಗೊತ್ತಿತ್ತು, ಆತುರದಲ್ಲಿ ಮರೆತಿದ್ದೆ. ಮಾಸ್ತರರು ಕೋಲನ್ನು ಮೂಲೆಗೆ ಒರಗಿಸಿ, ಉಳಿದ ದಿನ ಅದನ್ನು ಹೇಗೆ ಹಿಡಿಯುತ್ತೀರಿ ಎಂದು ಅವಳನ್ನೇ ಕೇಳಿದರು.

“ತಿವಿಯಾಕ ಅಲ್ರಿ ಅದು. ಸುಮ್ಮನ ಮುಟ್ಟಿಸಿದ್ರ ಸಾಕು, ಎತ್ತು ನಾವು ಹೇಳಿದ ಕಡೆ ಹೊಳ್ಳತೈತಿ.”

“ಇದು ನನ್ನ ಪುಸ್ತಕದಾಗ ಇಲ್ಲ ನೋಡವಾ,” ಎಂದು ಮಾಸ್ತರರು ಮರದ ಕೈವಾರವನ್ನು ಅವಳ ಕೈಗಿತ್ತರು.

ನನ್ನ ಹೊಟ್ಟೆ ಉರಿದುಹೋಯಿತು. ಅವಳು ಎಳೆದ ವರ್ತುಲ ಸೊಟ್ಟಗಿತ್ತು, ಈಗಲೂ ಹೇಳುತ್ತೇನೆ. ಆದರೂ ವರ್ಷವಿಡೀ ಕೈವಾರ ಅವಳ ಕೈಯಲ್ಲೇ ಉಳಿಯಿತು. ನಾನು ಮಾಸ್ತರರ ಜೊತೆ ಮಾತು ಬಿಟ್ಟೆ. “ಯಾಕವಾ, ಸಿಟ್ಟೇನು?” ಎಂದು ಅವರು ಎರಡು ಸಲ ಕೇಳಿದರು. ಎರಡು ಸಲವೂ ನಾನು ಕಿಟಕಿಯ ಕಡೆ ನೋಡಿದೆ…

ಎಷ್ಟೋ ವರ್ಷಗಳ ಮೇಲೆ ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ಅವಳು ಸಿಕ್ಕಳು. ನಾನು ಬೇಕೆಂದೇ ಕೇಂದ್ರದ ಕಥೆ ತೆಗೆದೆ. ಅವಳಿಗೆ ಗ್ರೀಕರೂ ನೆನಪಿಲ್ಲ, ಆರ್ಮೇನಿಯಾವೂ ನೆನಪಿಲ್ಲ. ನನಗೆ ಒಳಗೊಳಗೇ ಖುಷಿಯಾಯಿತು. ಆ ಪಾಠ ಕೊನೆಗೂ ನನಗೊಬ್ಬಳಿಗೇ ಉಳಿದಿತ್ತು.

“ಮಾಸ್ತರ್ ತೀರಿಕೊಂಡಾಗ ನಾ ತೊರಗಲ್ಲಿಗೆ ಹೋಗಿದ್ದೆ,” ಎಂದಳು ಅವಳು. “ನೀ ಯಾಕ ಬರಲಿಲ್ಲ?”

“ಸುದ್ದಿ ಗೊತ್ತಾಗಲಿಲ್ಲ,” ಎಂದೆ.

ಗೊತ್ತಾಗಿತ್ತು. ಬಸ್ಸಿನ ಹೊತ್ತನ್ನೂ ಕೇಳಿಕೊಂಡಿದ್ದೆ. ಅವಳು ಬಂದಿರುತ್ತಾಳೆ, ಎಲ್ಲರಿಗಿಂತ ಮುಂದೆ ನಿಂತು ಅಳುತ್ತಿರುತ್ತಾಳೆ ಎಂದು ಮನೆಯಲ್ಲೇ ಉಳಿದೆ.

ಮಾಸ್ತರರು ಹೇಳಿದ ಒಂದೊಂದು ಅರ್ಥವೂ ಇವತ್ತಿಗೂ ನನಗೆ ಬಾಯಿಪಾಠ. ಆದರೆ ಅವರ ಮುಖವನ್ನು ಕೊನೆಯ ಸಲ ನೋಡಿದವಳು ಅವಳು. ಅದಕ್ಕೂ ನನಗೆ ಹೊಟ್ಟೆಕಿಚ್ಚೇ.