ಬಸ್ಸಿನಲ್ಲಿ ಓದಿದ ಪ್ರೇತದ ಪ್ರೇಮಕಥೆ

ಕಳೆದ ವರ್ಷ ಸೋದರತ್ತೆಗೆ ತೀರ್ಥಹಳ್ಳಿಯಲ್ಲಿ ಕಣ್ಣಿನ ಪೊರೆ ತೆಗೆಸಿ, ಮರುದಿನ ಸಾಗರಕ್ಕೆ ಕರೆತರುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಪ್ಪು ಕನ್ನಡಕ ಹಾಕಿಕೊಂಡು ಬಸ್ಸಿನ ಕಿಟಕಿ ಪಕ್ಕ ಕೂತ ಅತ್ತೆಗೆ ಹೊರಗೆ ನೋಡುವಂತಿರಲಿಲ್ಲ, ಸುಮ್ಮನೆ ಕೂರುವುದಂತೂ ಅವರಿಂದ ಆಗದ ಮಾತು.

“ಚೀಲದಲ್ಲಿ ಪುಸ್ತಕ ಇದ್ಯಲ್ಲ, ಓದೇ,” ಎಂದರು.

ಅದು ನಾನು ಮನೆಯಲ್ಲಿ ಯಾರಿಗೂ ತೋರಿಸದೆ ಓದುತ್ತಿದ್ದ ಸಣ್ಣ ಕಾದಂಬರಿ. ಕಾಡಿನೊಳಗಿನ ಹಳೇ ಬಂಗಲೆ, ಅಲ್ಲಿನ ಚಿತ್ರಗಳನ್ನು ಸರಿಪಡಿಸಲು ಬಂದ ಅನಾಥ ಹುಡುಗಿ, ಅವಳನ್ನು ಪ್ರೀತಿಸುವ ಒಂದು ಪ್ರೇತ. “ಅತ್ತೆ, ಇದು ದೆವ್ವದ ಲವ್ ಸ್ಟೋರಿ,” ಎಂದು ಪಿಸುಗುಟ್ಟಿದೆ.

“ದೆವ್ವ ಆದ್ರೇನು, ಚೆನಾಗಿದಾನಾ?”

ಮೊದಲಿನಿಂದ ಓದತೊಡಗಿದೆ. ಎಂಜಿನ್ ಸದ್ದಿಗೆ ದನಿ ಏರಿಸಲೇಬೇಕಾಯಿತು. ಹುಡುಗಿ ಬಂಗಲೆಯ ಮೆಟ್ಟಿಲು ಹತ್ತುವಾಗ ದೀಪ ಆರಿತು, ಅವಳ ಕಾಲು ಜಾರಿತು.

“ಹಿಡೀತಾನೆ ನೋಡು,” ಎಂದರು ಅತ್ತೆ. ಹಿಡಿದ.

ಮುಂದಿನ ಸೀಟಿನ ಹೆಂಗಸು ತಿರುಗಿ ನಕ್ಕರು. ಪ್ರೇತಕ್ಕೆ ಬೂದುಬಣ್ಣದ ಕಣ್ಣು, ಅಗಲ ಭುಜ, ಬಿಳಿ ಅಂಗಿ. “ಸತ್ತು ಅಷ್ಟು ವರ್ಷ ಆದ್ರೂ ಅಂಗಿ ಇಸ್ತ್ರಿ ಹೋಗಿಲ್ವಲ್ರೀ!” ಎಂದರು ಆಕೆ. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರ್ ಅಲ್ಲೇ ಕಂಬಕ್ಕೆ ಒರಗಿ, “ಈಗ ಅವ್ಳಿಗೆ ಹಿಂದಿನ ಜನ್ಮದ್ದು ನೆನಪಾಗ್ತದೆ, ಬೇಕಾದ್ರೆ ಬೆಟ್ಸ್,” ಎಂದರು. ಮುಂದಿನ ಪುಟದಲ್ಲೇ ನೆನಪಾಯಿತು! ಬಸ್ಸೆಲ್ಲ ಗೊಳ್ಳೆಂದಿತು. ನನಗೋ ಹುರುಪು ತಡೆಯಲಾಗಲಿಲ್ಲ. ಪ್ರೇತಕ್ಕೆ ಗಡಸು ದನಿ, ಹುಡುಗಿಗೆ ಮೆಲುದನಿ ಕೊಟ್ಟು ಓದಿದೆ. ಹುಣ್ಣಿಮೆ, ತಾಯತ, ಹೊಟ್ಟೆಕಿಚ್ಚಿನ ಇನ್ನೊಂದು ಪ್ರೇತ, ಎಲ್ಲವನ್ನೂ ಬಸ್ಸಿನವರು ಮೊದಲೇ ಹೇಳಿಬಿಡುತ್ತಿದ್ದರು. ಆದರೂ ನಿಲ್ಲಿಸಲು ಒಬ್ಬರೂ ಬಿಡಲಿಲ್ಲ.

ಆಮೇಲೆ ಆ ಭಾಗ ಬಂತು. ಪ್ರೇತಕ್ಕೆ ಹಸಿವು, ರುಚಿ ಎರಡೂ ಮರೆತುಹೋಗಿವೆ. ಹುಡುಗಿ ಊಟಕ್ಕೆ ಕೂತಾಗಲೆಲ್ಲ ಅವನು ಎದುರಿಗೆ ಕೂತು, ‘ಇವತ್ತು ಅನ್ನ ಹೇಗಿದೆ?’ ಎಂದು ಕೇಳುತ್ತಾನೆ. ಅವಳು ಒಂದೊಂದು ತುತ್ತನ್ನೂ ವಿವರಿಸುತ್ತಾಳೆ. ಸ್ವಲ್ಪ ತಳ ಹಿಡಿದಿದೆ, ತುಪ್ಪ ಕರಗುತ್ತಿದೆ, ನಾಲಿಗೆ ಸುಡುತ್ತಿದೆ. ಅವನು ಕಣ್ಣು ಮುಚ್ಚಿ ಕೇಳುತ್ತಾನೆ.

ಈ ಸಲ ಯಾರೂ ಏನೂ ಊಹಿಸಲಿಲ್ಲ. ಅತ್ತೆ ನನ್ನ ಮಣಿಕಟ್ಟು ಹಿಡಿದುಕೊಂಡರು.

“ನಿಮ್ಮಾವ ಹೋದ್ಮೇಲೆ ನಾನೂ ಹಂಗೇ ಮಾಡ್ತಿದ್ದೆ ಕಣೆ. ಸಾರು ಕುದೀವಾಗ ‘ಇವತ್ತು ಹುಳಿ ಜಾಸ್ತಿ ಆಯ್ತು ನೋಡಿ’ ಅಂತ ಹೇಳ್ತಿದ್ದೆ. ಯಾರಿಗೂ ಹೇಳಿಲ್ಲ. ತಲೆ ಕೆಟ್ಟಿದೆ ಅಂತಾರೆ ಅಂತ.”

ಮುಂದಿನ ಸೀಟಿನ ಹೆಂಗಸು ಹಿಂದಕ್ಕೆ ಕೈಚಾಚಿ ಅತ್ತೆಯ ಮೊಣಕಾಲು ಮುಟ್ಟಿದರು. ಒಬ್ಬಳೇ ಓದುವಾಗ ನಾನು ಈ ಪುಟ ದಾಟಿ, ಮುದ್ದಾಟದ ಕಡೆಗೆ ಓಡಿದ್ದೆ.

ಹೊಸನಗರದಲ್ಲಿ ಆ ಹೆಂಗಸು ಇಳಿಯಬೇಕಾಯಿತು. ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, “ಕೊನೆಗೆ ಏನಾಗ್ತದೆ, ಬೇಗ ಹೇಳಿ!” ಎಂದರು. ನಾನಿನ್ನೂ ಅಲ್ಲಿಗೆ ಬಂದಿಲ್ಲ ಎಂದರೆ, “ಅಯ್ಯೋ ಕರ್ಮ” ಎನ್ನುತ್ತ ಇಳಿದರು. ಕಂಡಕ್ಟರ್ ಸೀಟಿ ಊದಿ, “ಹ್ಞಾಂ, ಓದಿ ಮೇಡಂ,” ಎಂದರು.

ಸಾಗರ ಬಂದರೂ ಕೊನೆಯ ಅಧ್ಯಾಯ ಉಳಿದಿತ್ತು. ಅತ್ತೆ ನಿಲ್ದಾಣದ ಬೆಂಚಿನ ಮೇಲೆ ಕೂತೇಬಿಟ್ಟರು. “ಮುಗಿಸು. ಆಮೇಲೆ ಮನೆ.” ಹುಡುಗಿಯ ಕಣ್ಣೀರು ಎದೆಗೆ ಬಿದ್ದು ಪ್ರೇತ ಮನುಷ್ಯನಾದ. ಎದ್ದು ಕೂತು ಅನ್ನ ಕೇಳಿದ.

“ಥೂ, ಕೆಡಿಸ್ಬಿಟ್ರು,” ಎಂದರು ಅತ್ತೆ. “ಕಣ್ಣೀರಿಗೆ ಎದ್ ಬರೋ ಹಂಗಿದ್ರೆ ನಿಮ್ಮಾವ ಯಾವತ್ತೋ ಬರ್ತಿದ್ರು. ಅವ್ನು ಎದ್ರಿಗೆ ಕೂತಿದ್ದೇ ಸಾಕಿತ್ತು.”

ನಾನು ನಕ್ಕೆ, ಅವರೂ ನಕ್ಕರು. ಆಟೊ ಹತ್ತಿದ ಮೇಲೆ ಅವರು ಡ್ರೈವರಿಗೆ ಕಥೆಯನ್ನು ಮೊದಲಿನಿಂದ ಹೇಳತೊಡಗಿದರು. ಅವರ ಕಥೆಯಲ್ಲಿ ಹುಣ್ಣಿಮೆಯೂ ಇರಲಿಲ್ಲ, ತಾಯತವೂ ಇರಲಿಲ್ಲ. ಒಂದು ಅಡುಗೆಮನೆಯಿತ್ತು, ಇಬ್ಬರಿದ್ದರು. ಡ್ರೈವರ್ ಕಥೆ ಕೇಳುತ್ತ ನಮ್ಮ ಓಣಿಯ ತಿರುವು ಬಿಟ್ಟು ಮುಂದಕ್ಕೆ ಹೋಗಿಬಿಟ್ಟ.