ಮಾತ್ರೆ ಮತ್ತು ಮುಟ್ಟು

ನನ್ನ ಕಾಲಿನ ರಕ್ತನಾಳದಲ್ಲಿ ಹೆಪ್ಪು ಕಟ್ಟಿದೆ ಎಂದು ರಕ್ತ ತೆಳುವಾಗಿಸುವ ಮಾತ್ರೆ ಬರೆದುಕೊಟ್ಟಾಗ ತುಮಕೂರಿನ ಡಾಕ್ಟರು ಎಚ್ಚರಿಕೆಗಳನ್ನೇನೋ ಹೇಳಿದರು. ವಸಡಿನಲ್ಲಿ ರಕ್ತ ಬಂದರೆ ತಿಳಿಸಿ, ತಲೆಗೆ ಪೆಟ್ಟಾದರೆ ಓಡಿ ಬನ್ನಿ. ಗಡ್ಡ ಹೆರೆಯುವಾಗ ಹುಷಾರು ಎಂಬುದನ್ನೂ ಬಾಯಿಪಾಠದಂತೆ ಒಪ್ಪಿಸಿ, ನನ್ನ ಮುಖ ನೋಡಿ ತಾವೇ ನಕ್ಕರು. ತಿಂಗಳ ಮುಟ್ಟಿನ ಮಾತು ಮಾತ್ರ ಅವರ ಬಾಯಿಗೆ ಬರಲಿಲ್ಲ.

ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುವ ಕೆಲಸ ನನ್ನದು. ಮುಂದಿನ ಮುಟ್ಟು ಶಿಫ್ಟಿನ ನಡುವೆ ಬಂತು, ನಲ್ಲಿ ಬಿಟ್ಟಂತೆ ಸುರಿಯಿತು. ಮತ್ತೆ ಮತ್ತೆ ಎದ್ದು ಹೋಗುವುದನ್ನು ಕಂಡ ಸೂಪರ್‌ವೈಸರು, "ಏನಮ್ಮಾ, ಇವತ್ತು ಬಾತ್‌ರೂಮಲ್ಲೇ ಡ್ಯೂಟಿನಾ?" ಎಂದರು. ಸುತ್ತಲಿನವರು ನಕ್ಕರು. ನಾಚಿಕೆಯಿಂದ ತಲೆ ತಗ್ಗಿಸಿದೆ. ನಾಚಬೇಕಾದವಳು ನಾನೇ ಏಕೆ ಎಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ಡಾಕ್ಟರಿಗೆ ಹೇಳಿದೆ. ಅವರು ತಲೆ ಎತ್ತಲೂ ಇಲ್ಲ. "ಈ ವಯಸ್ಸಲ್ಲಿ ಹೆಂಗಸರಿಗೆ ಇದೆಲ್ಲಾ ಮಾಮೂಲಿ ಕಣಮ್ಮಾ."

"ಆ ದರಿದ್ರ ಮಾತ್ರೆ ಬಿಟ್ಬುಡು" ಎಂದರು ಗಂಡ. ಕಾಲು ಉಳಿಸಿಕೊಳ್ಳಬೇಕೋ ರಕ್ತ ಉಳಿಸಿಕೊಳ್ಳಬೇಕೋ ತಿಳಿಯದೆ ನುಂಗುತ್ತಲೇ ಹೋದೆ.

ಕೊನೆಗೊಂದು ದಿನ ಕುಣಿಗಲ್‌ನಲ್ಲಿ, ಅಕ್ಕನ ಮನೆಯ ಅಡುಗೆಕೋಣೆಯಲ್ಲಿ ಕುಸಿದುಬಿದ್ದೆ. ಅಕ್ಕ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿದಳು. "ಸುಣ್ಣದ ಗೋಡೆ ಆಗೋಗಿದೀಯಲ್ಲೇ!" ಎನ್ನುತ್ತಾ ಆಟೊ ಹತ್ತಿಸಿ, ಅಲ್ಲಿಯ ಹೆರಿಗೆ ಡಾಕ್ಟರಮ್ಮನ ಬಳಿ ಕರೆದೊಯ್ದಳು.

ಆಕೆ ಕೇಳಿದ ಮೊದಲ ಪ್ರಶ್ನೆ, "ಬೇರೆ ಏನಾದ್ರೂ ಮಾತ್ರೆ ತಗೋತಿದೀರಾ?"

ಹೆಸರು ಹೇಳಿದೆ.

"ಇದರಿಂದ ಎಷ್ಟೋ ಹೆಂಗಸರಿಗೆ ಹಿಂಗಾಗತ್ತೆ. ಯಾರೂ ಹೇಳ್ಲಿಲ್ವಾ? ಆದ್ರೆ ನೀವಾಗೇ ನಿಲ್ಲಿಸ್ಬೇಡಿ. ಮತ್ತೆ ಹೆಪ್ಪು ಕಟ್ಟಿದ್ರೆ ಜೀವಕ್ಕೇ ಅಪಾಯ."

ರಕ್ತ ಏರಿಸಿದರು. ಕಬ್ಬಿಣಾಂಶದ ಮಾತ್ರೆ ಕೊಟ್ಟರು. ಬೇರೆ ತೊಂದರೆಯಿಲ್ಲವೆಂದು ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಂಡು, ಗರ್ಭಕೋಶದೊಳಗೆ ಹಾರ್ಮೋನಿನ ಸಣ್ಣ ಸಾಧನವೊಂದನ್ನು ಇಟ್ಟರು. ಕೆಲವು ತಿಂಗಳಲ್ಲಿ ಸ್ರಾವ ಹತೋಟಿಗೆ ಬಂತು. ಇಷ್ಟಕ್ಕೆ ನಾನು ಸಾಯುವ ಹಾಗಾಗಬೇಕಿತ್ತೇ?

ಮತ್ತೆ ತುಮಕೂರಿಗೆ ಹೋದಾಗ ಎಲ್ಲ ಕೇಳಿದ ಡಾಕ್ಟರು, "ಮೊದಲೇ ಹೇಳ್ಬಾರ್ದಿತ್ತೇನಮ್ಮಾ?" ಎಂದರು.

"ಹೇಳಿದ್ದೆ ಸಾರ್. ಮಾಮೂಲಿ ಅಂದ್ರಿ."

ಅವರು ನನ್ನ ಚೀಟಿಯನ್ನು ತಿರುವತೊಡಗಿದರು. ನಾನು ಬಿಡಲಿಲ್ಲ. "ಗಡ್ಡದ ವಿಷಯ ಹೇಳೋಕೆ ಪುರುಸೊತ್ತಿತ್ತು. ಇನ್ಮೇಲಾದ್ರೂ ಹೆಂಗಸರಿಗೆ ಇದನ್ನೂ ಹೇಳಿ ಸಾರ್."

"ಆಯ್ತಮ್ಮಾ, ಹೇಳ್ತೀನಿ."

ಹೇಳುತ್ತಾರೆಂಬ ನಂಬಿಕೆ ನನಗಿಲ್ಲ. ಹೊರಗೆ ಬೆಂಚಿನ ಮೇಲೆ, ಕಾಲಿಗೆ ಪಟ್ಟಿ ಸುತ್ತಿಕೊಂಡ ಯುವತಿಯೊಬ್ಬಳು ಕುಳಿತಿದ್ದಳು. ಅವಳಿಗೂ ಅದೇ ಮಾತ್ರೆಯಂತೆ. ಪಕ್ಕದಲ್ಲಿ ಕುಳಿತು ಎಲ್ಲವನ್ನೂ ಹೇಳಿದೆ. ಎದುರಿನ ಗಂಡಸರು ತಿರುಗಿ ನೋಡಿದರು. ನಾನು ದನಿ ತಗ್ಗಿಸಲಿಲ್ಲ.