ಬಿಳಿ ಐದು, ಕರಿ ನಾಲ್ಕು, ನಡುವೆ ಒಂದು ಗುಂಯ್

ಅಪ್ಪ ಸವಣೂರಿನಲ್ಲಿ ಜೀವಮಾನವಿಡೀ ಸಂಗೀತ ಕಲಿಸಿದವ. ಕೈ ನಡುಗಲು ಶುರುವಾಗಿ ಹಾರ್ಮೋನಿಯಂ ಪೇಟಿ ನುಡಿಸುವುದು ನಿಂತ ಮೇಲೆ ಶಿಗ್ಗಾವಿಯ ನಮ್ಮ ಮನೆಗೆ ಬಂದ. ಜೊತೆಗೆ ಒಂದು ಟ್ರಂಕು ತುಂಬ ಕ್ಯಾಸೆಟ್ಟು ತಂದ. ಎಲ್ಲವೂ ಶಿಷ್ಯರಿಗೆ ಪಾಠ ಹೇಳುವಾಗ ತಾನೇ ರೆಕಾರ್ಡ್ ಮಾಡಿಕೊಂಡವು. ಸೆಲ್ ಹಾಕುವ ಸಣ್ಣ ಪ್ಲೇಯರಿಗೆ ಕಿವಿ ಹಚ್ಚಿ ಕೂಡುತ್ತಿದ್ದ. ನೋಡಲಾರದೆ ನಾನು ಹುಬ್ಬಳ್ಳಿಯಿಂದ ಒಂದು ಪುಟ್ಟ ಆಂಪ್ಲಿಫೈಯರು, ಎರಡು ಸ್ಪೀಕರು ತಂದು ಅದಕ್ಕೆ ಜೋಡಿಸಿದೆ. ಪುಣ್ಯ ಕಟ್ಟಿಕೊಳ್ಳಲು ಹೋಗಿ ತಲೆನೋವು ಕಟ್ಟಿಕೊಂಡೆ.

ಸ್ವಿಚ್ ಹಾಕಿದೊಡನೆ ಗುಂಯ್ ಎಂದು ಒಂದು ಸದ್ದು. ಹಾಡು ಇರಲಿ, ಬಿಡಲಿ, ಅದು ಮಾತ್ರ ಇದ್ದೇ ಇರುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದರು. ಅಪ್ಪ ಪೇಟಿ ತರಿಸಿ, ನಡುಗುವ ಬೆರಳಿನಿಂದ ಅದರ ಬಿಳಿ, ಕರಿ ಮನೆಗಳನ್ನು ಒಂದೊಂದಾಗಿ ಒತ್ತಿ, ಆ ಸದ್ದಿನ ಸ್ವರ ಹುಡುಕಿದ.

"ಇದು ಬಿಳಿ ಐದೂ ಅಲ್ಲ, ಕರಿ ನಾಕೂ ಅಲ್ಲ. ನಡುವ ನಿಂತೈತಿ. ನಿಮ್ಮ ಮನಿ ಕರೆಂಟ ಬೇಸುರ ಐತವ್ವಾ."

"ಕರೆಂಟಿಗೆ ಎಂಥಾ ಸುರ ಅಪ್ಪಾ?" ಎಂದೆ. ಹೈಸ್ಕೂಲಿನಲ್ಲಿ ಗಣಿತ ಕಲಿಸುವ ನನಗೆ ಇಂಥ ಮಾತು ಕೇಳಿದರೆ ಮೈ ಉರಿಯುತ್ತದೆ.

ಅಂಗಡಿಯವ ಸ್ಪೀಕರು ಬದಲಿಸಿ ಕೊಟ್ಟ. ಗುಂಯ್. ಸ್ಟೆಬಿಲೈಸರ್ ಹಾಕಿದೆವು. ಅದು ತನ್ನದೇ ಇನ್ನೊಂದು ಗುರ್ ಸೇರಿಸಿತು. ನಮ್ಮ ಮನೆಯವರು ಬಂಕಾಪುರದ ಹೊಲದಿಂದ ಬಂದವರೇ, "ಅರ್ಥಿಂಗ್ ಒಣಗೇತಿ," ಎಂದು ಹಿತ್ತಲಿನ ಅರ್ಥಿಂಗ್ ಗುಂಡಿಗೆ ಉಪ್ಪು ಸುರಿದು ಕೊಡಗಟ್ಟಲೆ ನೀರು ಹಾಕಿದರು. ಪಕ್ಕದಲ್ಲಿದ್ದ ನನ್ನ ಮಲ್ಲಿಗೆ ಬಳ್ಳಿ ಒಣಗಿತು. ಗುಂಯ್ ಒಣಗಲಿಲ್ಲ. ಅಪ್ಪ ದಿನಾ ಊಟಕ್ಕೆ ಕುಳಿತಾಗ, "ನಡುವ ಐತಿ, ಇನ್ನೂ ನಡುವನ ಐತಿ," ಎನ್ನುವುದೂ ನಿಲ್ಲಲಿಲ್ಲ.

ಕಡೆಗೆ ಒಂದು ರವಿವಾರ ಆಂಪ್ಲಿಫೈಯರನ್ನು ಚೀಲದಲ್ಲಿ ಹಾಕಿಕೊಂಡು ಸವಣೂರಿನ ಬಸ್ಸು ಹತ್ತಿದೆ. ಅಲ್ಲಿ ಅಪ್ಪನ ಪರಿಚಯದ ಹಳೆಯ ರೇಡಿಯೋ ರಿಪೇರಿಯವರೊಬ್ಬರಿದ್ದರು. ಅವರು ಪೆಟ್ಟಿಗೆ ಬಿಚ್ಚಲೇ ಇಲ್ಲ. ಅದರ ಅಡಾಪ್ಟರನ್ನು ಕೈಯಲ್ಲಿ ತೂಗಿ ನೋಡಿ, "ಹತ್ತಿಯಂಗ ಹಗುರ ಐತಲ್ರಿ," ಎಂದು ನಕ್ಕರು. "ಹನ್ನೆರಡು ವೋಲ್ಟಿನ ಬ್ಯಾಟರಿಗೆ ಹಚ್ಚಿ ನೋಡ್ರಿ. ಗುಂಯ್ ನಿಂತರ ತಪ್ಪು ಈ ಅಡಾಪ್ಟರಿಂದು."

ಇಷ್ಟು ಸರಳ ಪರೀಕ್ಷೆ ನನಗೆ ಹೊಳೆಯಲಿಲ್ಲವಲ್ಲ ಎಂದು ದಾರಿಯುದ್ದಕ್ಕೂ ನನ್ನನ್ನೇ ಬೈದುಕೊಂಡೆ. ಮನೆಯಲ್ಲಿ ಬೆಳೆಗೆ ಕೀಟದ ಎಣ್ಣೆ ಹೊಡೆಯುವ ಬ್ಯಾಟರಿ ಪಂಪು ಇತ್ತು. ಅದರ ಬ್ಯಾಟರಿ ಬಿಚ್ಚಿ ವೈರು ಹಚ್ಚಿದೆವು. ಸದ್ದೇ ಇಲ್ಲ. ಕೆಟ್ಟುಹೋಯಿತೆಂದು ಗಾಬರಿಯಾಗಿ ನಾನು ಸ್ಪೀಕರಿಗೆ ಕಿವಿ ಇಟ್ಟೆ. ಅಷ್ಟರಲ್ಲಿ ಕ್ಯಾಸೆಟ್ಟಿನೊಳಗಿನ ತಂಬೂರಿ ಶುರುವಾಯಿತು.

ರಿಪೇರಿಯವರು ಆಮೇಲೆ ಆ ಅಡಾಪ್ಟರಿನ ಬದಲಿಗೆ ಭಾರವಾದ ಟ್ರಾನ್ಸ್‌ಫಾರ್ಮರು, ದಪ್ಪ ಕೆಪಾಸಿಟರುಗಳಿರುವ ಬೇರೆ ಪೆಟ್ಟಿಗೆಯೊಂದನ್ನು ಮಾಡಿಕೊಟ್ಟರು. ಅದನ್ನು ಆಂಪ್ಲಿಫೈಯರಿನ ಪಕ್ಕದಲ್ಲೇ ಇಟ್ಟದ್ದಕ್ಕೆ ಮತ್ತೆ ಗುಂಯ್ ಎಂದಿತು. ನಾನು ಅಳುವುದೊಂದು ಬಾಕಿ. ಫೋನ್ ಮಾಡಿದರೆ, "ಒಂದು ಮೊಳ ದೂರ ಇಡ್ರಿ ಅಕ್ಕಾರ, ಬಾಜೂಕ ಇಟ್ಟರ ಮತ್ತ ಹಿಡೀತೇತಿ," ಎಂದರು. ದೂರ ಇಟ್ಟೆ. ನಿಂತಿತು.

ಇನ್ನು ಮುಗಿಯಿತು ಅಂದುಕೊಂಡೆ. ಆ ಸಂಜೆ ಅಪ್ಪ ಹಾಕಿದ್ದು ನನ್ನದೇ ಪಾಠದ ಕ್ಯಾಸೆಟ್ಟು. ಹನ್ನೆರಡು ವರ್ಷದ ನಾನು ಹಾಡುತ್ತಿದ್ದೇನೆ, ಅಪ್ಪ, "ಸುರ ಇಳೀತು, ಇಳೀತು, ಕಿವಿ ಎಲ್ಲೈತಿ?" ಎಂದು ಗದರುತ್ತಿದ್ದಾನೆ. ಆ ದಿನವೇ ನಾನು ಹಾಡುವುದನ್ನು ಬಿಟ್ಟದ್ದು. ನನಗೆ ಕೇಳಲಾಗಲಿಲ್ಲ. "ಬಂದ್ ಮಾಡಪ್ಪಾ," ಎಂದೆ.

ಅಪ್ಪ ಕೈಯೆತ್ತಿ ತಡೆದ. ಕ್ಯಾಸೆಟ್ಟು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಮೂರನೆಯ ಸಲ ಪೇಟಿಯಲ್ಲಿ ನನ್ನ ಆಗಿನ ಶ್ರುತಿಯಾದ ಕರಿ ನಾಲ್ಕು ಒತ್ತಿ ಹಿಡಿದು ಕೇಳಿದ.

"ತಂಬೂರಿ ಖರ್ಜದ ತಂತಿ, ಆ ಕೆಳಗಿನ ಸಾ, ಇಳದೈತಿ," ಎಂದ ಸಣ್ಣ ದನಿಯಲ್ಲಿ. "ಅವತ್ತ ನನ್ನ ಕಿವಿ ನಿನ್ನ ದನಿ ಮ್ಯಾಲಷ್ಟ ಇತ್ತು. ಆಮ್ಯಾಲ ಸಣ್ಣ ಪ್ಲೇಯರಿನಾಗ, ಗುಂಯ್‌ನಾಗ ಕೇಳಿದ್ದಿಲ್ಲ. ನೀ ಆ ತಂತಿಗೆ ಸರಿಯಾಗೇ ಹಾಡಿದ್ದಿ. ಶ್ರುತಿ ಮಾಡಿದಾಂವ ನಾನ."

ನನಗೆ ಸಂತೋಷವಾಗಬೇಕಿತ್ತು. ಸಿಟ್ಟು ಬಂತು. "ಇದನ್ನ ಹೇಳಾಕ ಇಷ್ಟು ವರ್ಷ ಬೇಕಾತೇನಪ್ಪಾ?" ಎಂದು ಒಳಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ. ಅಪ್ಪ ಅಡುಗೆಮನೆಯ ಬಾಗಿಲಿಗೆ ಬಂದು ನಿಂತ. ತಪ್ಪಾಯಿತು ಅನ್ನಲಿಲ್ಲ. "ಮುಂಜಾನೆ ಎದ್ದು ಹಾಡಾಕ ಕುಂದ್ರು," ಎಂದ.

"ಮುಂಜಾನೆ ಸಾಲಿ ಐತಿ."

"ರವಿವಾರ ಕುಂದ್ರು ಹಂಗಾರ."

ಈಗ ರವಿವಾರ ಕೂಡುತ್ತೇನೆ. ದನಿ ಒರಟಾಗಿದೆ, ಉಸಿರು ಸಾಲುವುದಿಲ್ಲ. ಅಪ್ಪ ತಂಬೂರಿ ಶ್ರುತಿ ಮಾಡುವುದನ್ನು ನನಗೇ ಬಿಟ್ಟಿದ್ದಾನೆ. ಗದರುವುದನ್ನು ಮಾತ್ರ ಬಿಟ್ಟಿಲ್ಲ.